ಪ್ರೋಟೀನ್ ಪುಡಿ: ಡಬ್ಬಿಯ ಅಂಕಿ ನಂಬುವ ಮುನ್ನ

ವ್ಯಾಯಾಮದ ನಂತರದ ಶೇಕ್‌ಗೆಂದು ಕೊಳ್ಳುವ ಪ್ರೋಟೀನ್ ಪುಡಿಯಲ್ಲಿ ಡಬ್ಬಿಯ ಮೇಲಿನ ಅಂಕಿಯೇ ಅಂತಿಮವಲ್ಲ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು. ಪ್ರೋಟೀನ್ ಪ್ರಮಾಣವನ್ನು ಅದರಿಂದ ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಅಂಕಿ ಏರುತ್ತದೆ, ಸ್ನಾಯುಗಳಿಗೆ ಮಾತ್ರ ಹೆಚ್ಚಿನ ಪ್ರಯೋಜನವಿಲ್ಲ. ಘಟಕಗಳ ಪಟ್ಟಿಯಲ್ಲಿ ಇವುಗಳ ಹೆಸರಿದ್ದರೆ ಆ ಡಬ್ಬಿಯನ್ನು ಬಿಡುವುದೇ ಲೇಸು.

ಹಾಲೊಡೆದಾಗ ಬೇರ್ಪಡುವ ತಿಳಿನೀರಿನಿಂದ ತಯಾರಾಗುವ ‘ವೇ’ ಪುಡಿಗಳ ಪೈಕಿ ಕಾನ್ಸಂಟ್ರೇಟ್ ಅಗ್ಗ. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವವರಿಗೆ ಲ್ಯಾಕ್ಟೋಸ್ ಅತ್ಯಲ್ಪವಿರುವ ಐಸೊಲೇಟ್ ಸೂಕ್ತ.

ಕಾರ್ಬೋಹೈಡ್ರೇಟ್‌ಗಾಗಿ ಮಾಲ್ಟೋಡೆಕ್ಸ್‌ಟ್ರಿನ್ ಪುಡಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕಿಲ್ಲ. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ದೊರೆಯುತ್ತದೆ. ಏಲಕ್ಕಿಬಾಳೆಯಾದರೆ ಎರಡು ಬೇಕಾದೀತು.

ಅಂದಹಾಗೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ, ದೇಹ ಬೆಳೆಸಲು ಪ್ರೋಟೀನ್ ಪುಡಿಗಳೇ ಬೇಡವೆಂದು ಸಲಹೆ ನೀಡಿದೆ. ಮೂತ್ರಪಿಂಡದ ತೊಂದರೆಯಿರುವವರಂತೂ ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬಾರದು.