ಮೊದಲು ರೋಗಿಯನ್ನೇ ಕೇಳಿ, ಸಿಸ್ಟರ್

‘ಇವನಿಗೇನು ಗೊತ್ತಾಗುತ್ತೆ ಸಿಸ್ಟರ್, ನನ್ನನ್ನೇ ಕೇಳಿ.’ ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಆಸ್ಪತ್ರೆಗೆ ಬಂದವರು ಪ್ರೀತಿಯಿಂದಲೇ ಹೀಗೆ ಹೇಳುತ್ತಾರೆ. ಕೈತುಂಬ ಕೆಲಸವಿರುವ ನರ್ಸ್ ಒಪ್ಪಿಬಿಡುತ್ತಾರೆ. ಸಹಿ, ಸೂಜಿ, ಡ್ರಿಪ್ ಎಲ್ಲ ಮುಗಿದರೂ ಮಂಚದ ಮೇಲಿರುವವರನ್ನು ಯಾರೂ ಮಾತಾಡಿಸಿರುವುದಿಲ್ಲ.

ಇಂಗ್ಲೆಂಡಿನ ಆಲಿವರ್ ಮೆಕ್‌ಗೋವನ್‌ಗೆ ಆಟಿಸಂ, ಮೂರ್ಛೆರೋಗದ ಜೊತೆ ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆಯಿತ್ತು. ಆಂಟಿಸೈಕೋಟಿಕ್ ಔಷಧ ಬೇಡವೆಂದು ಅವನೂ ಹೆತ್ತವರೂ ಹೇಳಿದ್ದರು. ಆದರೂ ಕೊಟ್ಟರು. ಅದರ ದುಷ್ಪರಿಣಾಮದಿಂದ ಮೆದುಳು ಊದಿ, 2016ರಲ್ಲಿ, 18ನೇ ವಯಸ್ಸಿಗೆ ಅವನು ತೀರಿಕೊಂಡ. ತಾಯಿ ಸುಮ್ಮನೆ ಕೂರಲಿಲ್ಲ. ಇಂಥ ರೋಗಿಗಳ ಆರೈಕೆಯ ತರಬೇತಿಯನ್ನು 2022ರ ಕಾಯ್ದೆ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಕಡ್ಡಾಯ ಮಾಡಿತು.

ಅಲ್ಲಿನ ನರ್ಸ್‌ಗಳಿಗೆ ದಾರಿ ತೋರುವುದು 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ. ಹೇಳಿದ್ದು ಅರ್ಥವಾಯಿತೇ, ನೆನಪಿನಲ್ಲಿ ನಿಂತಿತೇ, ಅದನ್ನು ತೂಗಿನೋಡಬಲ್ಲರೇ, ತೀರ್ಮಾನವನ್ನು ಹೇಗಾದರೂ ತಿಳಿಸಬಲ್ಲರೇ? ಪ್ರತಿ ನಿರ್ಧಾರಕ್ಕೂ ಇದನ್ನು ಬೇರೆಬೇರೆಯಾಗಿ ನೋಡಬೇಕು. ಶಸ್ತ್ರಚಿಕಿತ್ಸೆಯ ಅಪಾಯ ಅಳೆಯಲಾಗದ ಹುಡುಗಿಗೂ ಯಾವ ಕೈಯಿಂದ ರಕ್ತ ತೆಗೆಯಬೇಕೆಂದು ಹೇಳಲು ಬರುತ್ತದೆ. ಅನುಭವಿ ನರ್ಸ್ ಬಿಪಿ ಪಟ್ಟಿಯನ್ನು ಮೊದಲು ತನ್ನ ತೋಳಿಗೇ ಸುತ್ತಿಕೊಂಡು ತೋರಿಸುತ್ತಾರೆ, ಅವಳ ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡುತ್ತಾರೆ, ಚಿತ್ರ ತೋರಿಸಿ ಕೇಳುತ್ತಾರೆ, ಹೆದರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಆಗದಿದ್ದರಷ್ಟೇ ಅವಳ ಹಿತ ನೋಡಿ ಇತರರು ನಿರ್ಧರಿಸಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ‘ಅವನು ಮೊದಲಿಂದಲೂ ಹಾಗೇ’ ಎಂಬ ಮಾತು. ತಲೆ ಚಚ್ಚಿಕೊಳ್ಳುವುದು, ಊಟ ಬಿಡುವುದು, ರಾತ್ರಿಯಿಡೀ ಕೂಗುವುದು ಹಲ್ಲುನೋವಿನ, ಕಿವಿಸೋಂಕಿನ, ಮಲಬದ್ಧತೆಯ ಸೂಚನೆಯೂ ಆಗಿರಬಹುದು. ಅದನ್ನು ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಟ್ಟರೆ ನಿಜವಾದ ಕಾಯಿಲೆ ಕಣ್ಣಿಗೇ ಬೀಳುವುದಿಲ್ಲ. ದಿನವಿಡೀ ಹತ್ತಿರವಿರುವ ನರ್ಸ್‌ಗೆ ಈ ವ್ಯತ್ಯಾಸ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು.

ನಮ್ಮಲ್ಲೂ ಕಾನೂನು ಸ್ಪಷ್ಟವಾಗಿದೆ. ಚಂಡೀಗಢದ ಸರ್ಕಾರಿ ಆಶ್ರಯಧಾಮವೊಂದರಲ್ಲಿದ್ದ, ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆಯ ಮಹಿಳೆಯ ಗರ್ಭಪಾತಕ್ಕೆ ಹೈಕೋರ್ಟ್ ಆದೇಶಿಸಿತ್ತು. ಮಗು ಬೇಕೆಂಬ ಆಕೆಯ ಮಾತಿಗೆ ಬೆಲೆ ಕೊಟ್ಟು 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೀಮಿತ ಪಾಲಕತ್ವದಲ್ಲಿ ಪಾಲಕರು ಒಬ್ಬರೇ ತೀರ್ಮಾನಿಸುವಂತಿಲ್ಲ, ಆ ವ್ಯಕ್ತಿಯೊಂದಿಗೆ ಕೂಡಿ ತೀರ್ಮಾನಿಸಬೇಕು.

ನಮ್ಮ ನರ್ಸಿಂಗ್ ಕಾಲೇಜುಗಳು ಇದನ್ನು ಪಾಠದಲ್ಲಿ ಮುಗಿಸದೆ ವಾರ್ಡಿನಲ್ಲೇ ಕಲಿಸಲಿ. ಮನೆಯವರೂ ಒಂದು ಕೆಲಸ ಮಾಡಿ: ನಿಮ್ಮ ಮಗ ಅಥವಾ ತಂಗಿ ನೋವನ್ನು ಹೇಗೆ ತೋರಿಸುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವ ಔಷಧ ಆಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ಫೈಲಿನಲ್ಲಿಡಿ. ಡ್ಯೂಟಿ ಬದಲಾದಾಗಲೆಲ್ಲ ಅದನ್ನು ಹೊಸ ಸಿಸ್ಟರ್‌ಗೆ ತೋರಿಸಿ.