ಅಂತೆಕಂತೆಯಿಂದ ಸುದ್ದಿಯವರೆಗೆ

ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಮಾತೊಂದಿದೆ. ‘ಸೇತುವೆ ಕುಸಿಯಿತು’ ಎಂದರೆ ಹೇಳಿದವನೇ ಅದಕ್ಕೆ ಹೊಣೆ. ‘ಸೇತುವೆ ಕುಸಿಯಿತಂತೆ’ ಎಂದರೆ ಹೊಣೆ ಬೇರೆ ಯಾರದೋ. ಯಾರದೆಂದು ಮಾತ್ರ ತಿಳಿಯದು. ಅರಳಿಕಟ್ಟೆಯ ಮೇಲೆ, ಬಸ್ಸಿನಲ್ಲಿ, ಹಾಸ್ಟೆಲಿನ ಊಟದ ಸಾಲಿನಲ್ಲಿ ನಾವೆಲ್ಲ ದಿನಕ್ಕೆ ಹತ್ತಾರು ಬಾರಿ ಈ ಮಾತನ್ನು ಬಳಸುತ್ತೇವೆ. ಆದರೆ ಸುದ್ದಿ ಬರೆಯುವವರಿಗೆ ಇದು ಸಲ್ಲದು. ‘ಅಂತೆ’ ಇದ್ದ ಜಾಗದಲ್ಲಿ ಅವರು ಒಬ್ಬ ವ್ಯಕ್ತಿಯ ಹೇಳಿಕೆಯನ್ನೋ, ಒಂದು ದಾಖಲೆಯನ್ನೋ, ತಾವೇ ಕಣ್ಣಾರೆ ಕಂಡದ್ದನ್ನೋ ಇಡಬೇಕು. ಪತ್ರಿಕೋದ್ಯಮದ ತರಗತಿಯಲ್ಲಿ ವರದಿಗಾರಿಕೆ ಎಂದು ಕಲಿಸುವುದರ ತಿರುಳು ಇದೇ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಅದರ ಸಂಪಾದಕ ಹರ್ಮನ್ ಮೊಗ್ಲಿಂಗರ ಕಾಲದಲ್ಲಿ ಈ ವಿದ್ಯೆಗೆಂದು ನಮ್ಮಲ್ಲಿ ತರಗತಿಗಳಿರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮ ಶಿಕ್ಷಣ ಆರಂಭವಾಯಿತು. ಇಂದು ರಾಜ್ಯದ ಅನೇಕ ಪದವಿ ಕಾಲೇಜುಗಳಲ್ಲಿ ಇದೊಂದು ಅಧ್ಯಯನ ವಿಷಯ.

‘ಈಜು ಕಲಿಯಲು ನೀರಿಗೇ ಇಳಿಯಬೇಕು, ವರದಿಗಾರಿಕೆಯನ್ನು ತರಗತಿಯಲ್ಲಿ ಕಲಿಸಲಾದೀತೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ವ್ಯತ್ಯಾಸವಿದೆ. ತರಗತಿಯಲ್ಲಿ ತಪ್ಪು ಬರೆದರೆ ಅಧ್ಯಾಪಕರ ಕೆಂಪು ಶಾಯಿ ಬೀಳುತ್ತದೆ. ಪತ್ರಿಕೆಯಲ್ಲಿ ತಪ್ಪು ಬರೆದರೆ ಅದರ ಪೆಟ್ಟು ಯಾರದೋ ಬದುಕಿನ ಮೇಲೆ ಬೀಳುತ್ತದೆ.

ಆರು ಪ್ರಶ್ನೆಗಳು

ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಆರು ಪ್ರಶ್ನೆಗಳ ಪರಿಚಯವಾಗುತ್ತದೆ: ಏನು, ಯಾರು, ಎಲ್ಲಿ, ಯಾವಾಗ, ಏಕೆ, ಹೇಗೆ. ಇವುಗಳಲ್ಲಿ ಅತಿ ಮುಖ್ಯವಾದುದರ ಉತ್ತರ ಮೊದಲ ವಾಕ್ಯದಲ್ಲೇ ಬರಬೇಕು. ಅದಕ್ಕಿಂತ ಕಡಿಮೆ ಮಹತ್ವದ್ದು ಅನಂತರ, ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ. ಈ ಕ್ರಮಕ್ಕೆ ತಲೆಕೆಳಗಾದ ಪಿರಮಿಡ್ ಎಂದು ಹೆಸರು. ಪುಟದಲ್ಲಿ ಜಾಗ ಸಾಲದಿದ್ದರೆ ಸಂಪಾದಕರು ಕೆಳಗಿನಿಂದ ಕತ್ತರಿಸಿದರೂ ಮುಖ್ಯ ವಿಷಯ ಉಳಿಯುತ್ತದೆ. ಅವಸರದಲ್ಲಿರುವ ಓದುಗರು ಎರಡು ಸಾಲು ಓದಿ ಪುಟ ತಿರುಗಿಸಿದರೂ ಅವರಿಗೆ ವಿಷಯ ತಲುಪಿರುತ್ತದೆ.

ಈ ಅಚ್ಚು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಕಷ್ಟವಿರುವುದು ಅದರೊಳಗೆ ತುಂಬುವುದರಲ್ಲಿ.

ಒಂದು ಅಭ್ಯಾಸ

ಉದಾಹರಣೆಗೆ, ಊರಿನ ಮಾರುಕಟ್ಟೆಯಲ್ಲಿ ರಾತ್ರಿ ಬೆಂಕಿ ಬಿದ್ದಿದೆ ಎಂದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದು ಹೀಗೆ ಬರೆಯುತ್ತಾಳೆ:

‘ನಿನ್ನೆ ರಾತ್ರಿ ಮಾರುಕಟ್ಟೆಯಲ್ಲಿ ಶಾರ್ಟ್ ಸರ್ಕ್ಯೂಟಿನಿಂದ ಭೀಕರ ಬೆಂಕಿ ಕಾಣಿಸಿಕೊಂಡು ಹತ್ತಾರು ಅಂಗಡಿಗಳು ಸುಟ್ಟು ಭಸ್ಮವಾದವು. ಕೋಟ್ಯಂತರ ರೂಪಾಯಿ ನಷ್ಟವಾಗಿದೆ. ಅಗ್ನಿಶಾಮಕ ದಳ ತಡವಾಗಿ ಬಂದದ್ದೇ ಇದಕ್ಕೆ ಕಾರಣ.’

ಆರು ಪ್ರಶ್ನೆಗಳಿಗೂ ಉತ್ತರ ಬಂದಂತಿದೆ. ಆದರೆ ಅಧ್ಯಾಪಕರು ಒಂದೊಂದೇ ಪದಕ್ಕೆ ಗೆರೆ ಎಳೆಯುತ್ತಾರೆ.

‘ಹತ್ತಾರು ಅಂಗಡಿ ಅಂದರೆ ಎಷ್ಟಮ್ಮ? ಎಣಿಸಿದವರು ಯಾರು?’

‘ಎಣಿಸಲಿಲ್ಲ ಸಾರ್, ತುಂಬಾ ಇದ್ದವು.’

‘ಶಾರ್ಟ್ ಸರ್ಕ್ಯೂಟ್ ಅಂತ ಯಾರು ಹೇಳಿದರು?’

‘ಅಲ್ಲಿ ಎಲ್ಲರೂ ಹೇಳ್ತಿದ್ರು ಸಾರ್.’

‘ಎಲ್ಲರೂ ಅಂದರೆ ಯಾರೂ ಅಲ್ಲ. ಅವರಲ್ಲಿ ಒಬ್ಬರಾದರೂ ನೋಡಿದವರಿದ್ದರೆ?’

ಆಕೆ ಮತ್ತೆ ಮಾರುಕಟ್ಟೆಗೆ ಹೋಗುತ್ತಾಳೆ. ಈ ಬಾರಿ ಅಂಗಡಿಗಳನ್ನು ಎಣಿಸುತ್ತಾಳೆ: ಏಳು. ಅಗ್ನಿಶಾಮಕ ಠಾಣೆಗೆ ಹೋಗಿ ಕರೆ ಬಂದ ಸಮಯ, ವಾಹನ ಹೊರಟ ಸಮಯ, ಸ್ಥಳ ತಲುಪಿದ ಸಮಯ ಕೇಳಿ ಬರೆದುಕೊಳ್ಳುತ್ತಾಳೆ. ವರದಿ ಈಗ ಬೇರೆಯಾಗುತ್ತದೆ:

‘ಮಾರುಕಟ್ಟೆಯಲ್ಲಿ ನಿನ್ನೆ ರಾತ್ರಿ ಬೆಂಕಿ ಬಿದ್ದು ಏಳು ಅಂಗಡಿಗಳು ಸುಟ್ಟಿವೆ. ಯಾರಿಗೂ ಗಾಯವಾಗಿಲ್ಲ ಎಂದು ಪೊಲೀಸರು ತಿಳಿಸಿದ್ದಾರೆ. ಬೆಂಕಿಗೆ ಕಾರಣ ಇನ್ನೂ ಗೊತ್ತಾಗಿಲ್ಲ ಎಂದು ಅಗ್ನಿಶಾಮಕ ಠಾಣಾಧಿಕಾರಿ ಹೇಳಿದ್ದಾರೆ. ವಾಹನ ತಡವಾಗಿ ಬಂದಿತೆಂದು ಇಬ್ಬರು ಅಂಗಡಿ ಮಾಲೀಕರು ದೂರಿದ್ದಾರೆ. ರಾತ್ರಿ 11.40ಕ್ಕೆ ಕರೆ ಬಂದು, 11.52ಕ್ಕೆ ವಾಹನ ತಲುಪಿತೆಂದು ಠಾಣೆಯ ದಾಖಲೆಯಲ್ಲಿದೆ.’

ಎರಡನೆಯ ವರದಿಯಲ್ಲಿ ‘ಭೀಕರ’ ಇಲ್ಲ, ‘ಭಸ್ಮ’ ಇಲ್ಲ, ‘ಕೋಟ್ಯಂತರ’ ಇಲ್ಲ. ಆದರೆ ಪ್ರತಿ ವಾಕ್ಯದ ಮುಂದೆಯೂ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಕಾರಣ ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದೇ ಇದೆ. ದೂರೂ ಇದೆ, ದಾಖಲೆಯೂ ಇದೆ, ತೀರ್ಮಾನ ಓದುಗರದು.

ನೋಡಿದ್ದು, ಊಹಿಸಿದ್ದು

ವಿಜ್ಞಾನ ಓದುತ್ತಿರುವವರಿಗೆ ಇದು ಹೊಸದಲ್ಲ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ‘ವೀಕ್ಷಣೆ’ಗೆ ಒಂದು ಕಲಂ, ‘ನಿರ್ಣಯ’ಕ್ಕೆ ಇನ್ನೊಂದು ಕಲಂ. ‘ಬಿಳಿಯ ಒತ್ತರ ಬಂದಿತು’ ಎಂಬುದು ವೀಕ್ಷಣೆ. ‘ಇದು ಕ್ಲೋರೈಡ್ ಇರಬಹುದು’ ಎಂಬುದು ನಿರ್ಣಯ. ಎರಡನ್ನೂ ಬೆರೆಸಿದರೆ ಅಂಕ ಹೋಗುತ್ತದೆ. ಬ್ಯೂರೆಟ್ಟಿನ ಒಂದೇ ಅಳತೆಯನ್ನು ನಂಬದೆ, ತಾಳೆಯಾಗುವ ತನಕ ಮತ್ತೆ ಮತ್ತೆ ಅಳೆಯುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ.

ಆದರೆ ಒಂದು ಎಚ್ಚರ ಬೇಕು. ಮೂವರು ಒಂದೇ ಮಾತು ಹೇಳಿದರೆ ಅದು ಮೂರು ಸಾಕ್ಷ್ಯ ಎನ್ನುವಂತಿಲ್ಲ. ಮೂವರೂ ಅದನ್ನು ಟೀ ಅಂಗಡಿಯವರಿಂದಲೇ ಕೇಳಿದ್ದರೆ ಸಾಕ್ಷ್ಯ ಒಂದೇ. ಆದ್ದರಿಂದ ‘ಯಾರು ಹೇಳಿದರು?’ ಎಂಬುದರ ಜೊತೆಗೆ ‘ಅವರಿಗೆ ಹೇಗೆ ತಿಳಿಯಿತು?’ ಎಂದೂ ಕೇಳಬೇಕು.

ಚಿತ್ರವೂ ಸಾಕ್ಷಿಯಲ್ಲ

‘ಕೇಳಿದ್ದು ಸುಳ್ಳಾಗಬಹುದು, ಚಿತ್ರ ಸುಳ್ಳಾಗದು’ ಎಂದು ತಿಳಿದವರು ಬಹಳ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಗೊತ್ತು, ಒಂದು ಕತ್ತರಿಯಿಂದ ಚಿತ್ರದ ಅರ್ಥವೇ ಬದಲಾಗುತ್ತದೆ. 2018ರಲ್ಲಿ ನಮ್ಮ ರಾಜ್ಯವೂ ಸೇರಿದಂತೆ ದೇಶದ ಹಲವೆಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್ ಫೋನುಗಳಲ್ಲಿ ಹಬ್ಬಿತು. ಜೊತೆಗೆ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು ತಯಾರಿಸಿದ ಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು.

ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರೆಂದು ಶಂಕಿಸಿ ಕಾರಿನಲ್ಲಿದ್ದವರ ಮೇಲೆ ಗುಂಪೊಂದು ಎರಗಿತು. ಹೈದರಾಬಾದಿನ ಯುವಕನೊಬ್ಬ ಪ್ರಾಣ ಕಳೆದುಕೊಂಡ, ಜೊತೆಗಿದ್ದವರು ಗಾಯಗೊಂಡರು. ಅವರು ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ. ‘ಅಂತೆ’ ಎಂಬ ಎರಡಕ್ಷರದ ಬೆಲೆ ಒಮ್ಮೊಮ್ಮೆ ಇಷ್ಟಾಗುತ್ತದೆ. ‘ಈ ಚಿತ್ರ ಎಲ್ಲಿಯದು, ಯಾವಾಗಿನದು, ಹಿಂದೆ ಮುಂದೆ ಏನಿತ್ತು?’ ಎಂದು ಕೇಳುವ ಅಭ್ಯಾಸ ವರದಿಗಾರರಿಗೆ ಮಾತ್ರವಲ್ಲ, ಫೋನ್ ಹಿಡಿದ ಎಲ್ಲರಿಗೂ ಬೇಕು.

ಆರೋಪಿಯೇ, ಅಪರಾಧಿಯೇ?

ಪದಗಳ ವಿಚಾರದಲ್ಲಿಯೂ ತರಗತಿ ಬಿಗಿಯಾಗಿರಬೇಕು. ಪೊಲೀಸರು ದಾಖಲಿಸುವ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ಸುದ್ದಿಗೆ ಒಳ್ಳೆಯ ಮೂಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಅಂತರಜಾಲದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಆದರೆ ಅದರಲ್ಲಿರುವುದು ಸಾಮಾನ್ಯವಾಗಿ ದೂರು ಕೊಟ್ಟವರ ಮಾತು, ಸಾಬೀತಾದ ಸತ್ಯವಲ್ಲ. ಆರೋಪ ಹೊತ್ತವರು ‘ಆರೋಪಿ’. ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪು ಕೊಟ್ಟ ಮೇಲಷ್ಟೇ ‘ಅಪರಾಧಿ’. ‘ಕಳ್ಳನ ಬಂಧನ’ ಎಂಬ ಶೀರ್ಷಿಕೆ ನ್ಯಾಯಾಧೀಶರು ಕೊಡಬೇಕಾದ ತೀರ್ಪನ್ನು ತಾನೇ ಕೊಟ್ಟುಬಿಡುತ್ತದೆ.

ತಿಳಿದದ್ದನ್ನೆಲ್ಲ ಬರೆಯುವಂತೆಯೂ ಇಲ್ಲ. ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಅಥವಾ ಅಪರಾಧಕ್ಕೆ ಗುರಿಯಾದ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯಿದೆ ನಿಷೇಧಿಸುತ್ತದೆ. ಹೆಸರನ್ನು ಬಿಟ್ಟು, ಶಾಲೆ, ಬೀದಿ, ತಂದೆಯ ಉದ್ಯೋಗ ಬರೆದರೆ ಊರಿಗೆಲ್ಲ ಗುರುತು ಸಿಕ್ಕಂತೆಯೇ. ಅದೂ ನಿಷಿದ್ಧ.

ಕಲಿಯುವ ಜಾಗ

ಇದನ್ನೆಲ್ಲ ಕಲಿಯಲು ದೊಡ್ಡ ಸ್ಟುಡಿಯೊ ಬೇಕಿಲ್ಲ. ನಿಮ್ಮ ಊರಿನ ಗ್ರಾಮಸಭೆ, ನಗರಸಭೆಯ ಕಚೇರಿ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ, ಕೃಷಿ ಮಾರುಕಟ್ಟೆ, ಇವೇ ನಿಮ್ಮ ಪ್ರಯೋಗಾಲಯಗಳು. ಕುಡಿಯುವ ನೀರಿನ ಕಾಮಗಾರಿಗೆ ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು ಎಂದು ತಿಳಿಯಬೇಕೆ? 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಡಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಆ ಕಾಯಿದೆ ಹೇಳುತ್ತದೆ. ವಿದ್ಯಾರ್ಥಿಯ ಅರ್ಜಿಗೂ ಹಿರಿಯ ಪತ್ರಕರ್ತರ ಅರ್ಜಿಗೂ ಕಾನೂನಿನ ಕಣ್ಣಲ್ಲಿ ಭೇದವಿಲ್ಲ.

ಈ ವಾರ ಒಂದು ಅಭ್ಯಾಸ ಮಾಡಿ ನೋಡಿ. ನಿಮ್ಮ ಬೀದಿಯಲ್ಲೋ ಕಾಲೇಜಿನಲ್ಲೋ ನಡೆದ ಒಂದು ಸಣ್ಣ ಘಟನೆಯನ್ನು ಎಂಟು ವಾಕ್ಯಗಳಲ್ಲಿ ಬರೆಯಿರಿ. ಪಕ್ಕದ ಅಂಚಿನಲ್ಲಿ, ಪ್ರತಿ ವಾಕ್ಯದ ಎದುರಿಗೆ, ಅದು ನಿಮಗೆ ಹೇಗೆ ತಿಳಿಯಿತೆಂದು ಗುರುತು ಹಾಕಿ: ಕಂಡದ್ದು, ಇಂಥವರು ಹೇಳಿದ್ದು, ದಾಖಲೆಯಲ್ಲಿದ್ದದ್ದು. ಯಾವ ಗುರುತೂ ಹಾಕಲಾಗದ ವಾಕ್ಯವನ್ನು ಹೊಡೆದು ಹಾಕಿ. ಎಂಟರಲ್ಲಿ ಐದು ಉಳಿದರೂ ಚಿಂತೆಯಿಲ್ಲ. ಆ ಐದು ವಾಕ್ಯಗಳೇ ಸುದ್ದಿ.