ಹೆಬ್ಬಾಗಿಲಿನ ಧೈರ್ಯ

ತುಮಕೂರಿನ ಶಿರಾ ಗೇಟ್ ಊರಿನಿಂದ ಹೊರಡುವವನಿಗೂ ಊರಿಗೆ ಮರಳುವವನಿಗೂ ಒಂದೇ ಗುರುತು. ಅಲ್ಲಿ ನಿಂತಾಗಲೆಲ್ಲ ನನಗೆ ಬೈಬಲ್ಲಿನ ಒಂದು ಬಾಗಿಲು ನೆನಪಾಗುತ್ತದೆ. ಯೇಸುವನ್ನು ಸೆರೆಹಿಡಿಯಲು ಬಂದವರ ಮೇಲೆ ತೋಟದಲ್ಲಿ ಕತ್ತಿ ಬೀಸಿದ ಪೇತ್ರನು, ಅದೇ ರಾತ್ರಿ ಮಹಾಯಾಜಕನ ಮನೆಯ ಬಾಗಿಲು ಕಾಯುವ ದಾಸಿಯೊಬ್ಬಳು ನೀನು ಅವನ ಶಿಷ್ಯನೇ ಎಂದು ಕೇಳಿದಾಗ ಅಲ್ಲವೆಂದುಬಿಟ್ಟನು. ಕತ್ತಿ ಹಿಡಿಯುವ ಧೈರ್ಯ ಅವನಲ್ಲಿತ್ತು. ಒಂದು ಸಾಮಾನ್ಯ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಕ್ರೈಸ್ತನ ನಿತ್ಯಜೀವನಕ್ಕೆ ಬೇಕಾದುದು ಈ ಎರಡನೆಯ ಧೈರ್ಯವೇ ಅಲ್ಲವೆ?

ನಮ್ಮ ನೆರೆಯ ಗುಬ್ಬಿಯನ್ನೇ ನೋಡೋಣ. ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ 20 ವರುಷದ ತರುಣನು 1839ರಲ್ಲಿ ಕಡಲು ದಾಟಿ ಬಂದು, ವೆಸ್ಲಿಯನ್ ಮಿಷನ್ನಿನ ಬೋಧಕನಾಗಿ ಅಲ್ಲಿ ನೆಲಸಿದನು. ಕಣ್ಣುಗಳು ಕೆಟ್ಟು 1841ರಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಮೈಸೂರು ಸೀಮೆಯ ಆ ದಿನಗಳನ್ನು ಕುರಿತು 1847ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಇದು ಹೊರಡುವವನ ಧೈರ್ಯ, ಅಲ್ಪವಾದುದಲ್ಲ. ಆದರೆ ಆತನಿಗೆ ಹಿಂದಿರುಗಲು ಒಂದು ಮನೆಯಿತ್ತು.

ಇದ್ದ ಮನೆಯನ್ನೇ ಕಳೆದುಕೊಂಡವರ ಮಾತು ಬೇರೆ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದರು. ಊರು ಕೆರಳಿತು, ಕೈಹಿಡಿದ ಹೆಂಡತಿಯೂ ಜೊತೆಗೆ ಬರಲಿಲ್ಲ. ಅವರು ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿದರು. 1851ರಲ್ಲಿ ಬೋಧಕದೀಕ್ಷೆ ಪಡೆದು, ತಮ್ಮನ್ನು ತೊರೆದ ಆ ಮಂಗಳೂರಿಗೇ ಮರಳಿ ಬಂದು ದುಡಿದರು. ಕೊಡಗಿನಲ್ಲಿ ದಲಿತ ಕೂಲಿಕಾರ ಕ್ರೈಸ್ತರಿಗಾಗಿ ಎದ್ದ ಆನಂದಪುರಕ್ಕೆ ಅವರ ಹೆಸರೇ ನಿಂತಿತು. ಹುಟ್ಟಿನ ಮೇಲ್ಮೆಯನ್ನು ಬಿಟ್ಟುಕೊಡುವುದು ಪ್ರಾಣವನ್ನು ಬಿಟ್ಟುಕೊಡುವುದಕ್ಕಿಂತ ಸುಲಭವೆಂದು ಯಾರು ಹೇಳಬಲ್ಲರು?

ಆದರೂ ಇಷ್ಟಕ್ಕೇ ಧೈರ್ಯವು ಪೂರ್ಣವಾಗದು. ಬಿಟ್ಟುಬಂದುದನ್ನು ಹಳಿಯುವುದು ಸುಲಭ. ಅದನ್ನು ಪ್ರೀತಿಸುವುದು ಕಷ್ಟ. ಧಾರವಾಡದ ಕ್ರೈಸ್ತ ಮನೆತನದಲ್ಲಿ 1881ರಲ್ಲಿ ಜನಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಬೋಧಕರಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ಕೂಡಿಸಿ, ತಿದ್ದಿ, 1924ರಲ್ಲಿ ಪ್ರಕಟಿಸಿದರು. ಕನ್ನಡ ನಾಡು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅವರಿಗೆ ಸಲ್ಲಿಸಿತು. ತನ್ನ ವಿಶ್ವಾಸವನ್ನು ಮುಚ್ಚಿಡದೆ, ನೆರೆಯವನ ನಿಧಿಯನ್ನೂ ತುಚ್ಛವೆನ್ನದೆ ಬಾಳುವುದು, ಎರಡು ಕಡೆಯ ಸಂಶಯಕ್ಕೂ ಎದೆಯೊಡ್ಡಿ ನಿಲ್ಲುವ ಕೆಲಸ. ಅದು ಮರಳಿ ಬರುವವನ ಧೈರ್ಯ.

ಹೊರಡುವುದು, ಕಳೆದುಕೊಳ್ಳುವುದು, ದ್ವೇಷವಿಲ್ಲದೆ ಮರಳುವುದು: ಇವು ಮೂರೂ ಕೂಡಿದಾಗಲೇ ಧೈರ್ಯಕ್ಕೆ ಕ್ರೈಸ್ತನೆಂಬ ವಿಶೇಷಣ ಒಪ್ಪುತ್ತದೆ. ಕೊನೆಯದಿಲ್ಲದಿದ್ದರೆ ಅದು ಬರಿಯ ಹಟವಾದೀತು.

ಇಂದು ನಮ್ಮಲ್ಲಿ ಹೆಚ್ಚಿನವರಿಗೆ ಕಡಲು ದಾಟುವ ಪ್ರಸಂಗವಿಲ್ಲ. ಆದರೆ ಪ್ರಭುಭೋಜನದ ಪಂಕ್ತಿಯಲ್ಲಿ ಪಕ್ಕದವನ ಜಾತಿಯನ್ನು ಮನಸ್ಸಿನಲ್ಲಿಯೂ ಎಣಿಸದಿರುವುದು, ಕಚೇರಿಯಲ್ಲಿ ಸುಳ್ಳು ಲೆಕ್ಕಕ್ಕೆ ರುಜು ಹಾಕದಿರುವುದು, ತನ್ನನ್ನು ನಿಂದಿಸಿದವನ ಮನೆಗೆ ಕಾಯಿಲೆಯ ಹೊತ್ತಿನಲ್ಲಿ ತಾನಾಗಿ ಹೋಗುವುದು, ಇವಕ್ಕೆಲ್ಲ ಅದೇ ಧೈರ್ಯ ಬೇಕು. ಬಾಗಿಲಲ್ಲಿ ನಿಂತ ದಾಸಿಯ ಪ್ರಶ್ನೆ ಪೇತ್ರನೊಂದಿಗೇ ಮುಗಿಯಲಿಲ್ಲ. ಸಂತೆಗೆ ಹೋಗುವಾಗಲೂ ಮನೆಗೆ ಬರುವಾಗಲೂ ನಮ್ಮ ನಮ್ಮ ಊರಬಾಗಿಲಲ್ಲಿ ಅದು ನಮಗಾಗಿ ಕಾದಿರುತ್ತದೆ.